ರಾತ್ರಿ ಮಾತ್ರೆ ತೆಗೆದುಕೊಂಡು ಓದಿದ್ದು ಬೆಳಿಗ್ಗೆ ನೆನಪಿರುವುದಿಲ್ಲ: ಮನೋವೈದ್ಯಕೀಯ ಔಷಧಗಳು ಕಲಿಕೆಯನ್ನು ಕುಂದಿಸುತ್ತವೆಯೇ?

ಪ್ರಶ್ನೆ

ಆತಂಕ ಮತ್ತು ಖಿನ್ನತೆಗಾಗಿ ಎಂಟು ತಿಂಗಳಿಂದ ಔಷಧ ತೆಗೆದುಕೊಳ್ಳುತ್ತಿದ್ದೇನೆ. ಬೆಳಿಗ್ಗೆ ಎಸಿಟಾಲೊಪ್ರಾಮ್ 10 ಮಿಲಿಗ್ರಾಂ, ರಾತ್ರಿ ಕ್ಲೊನಜೆಪಾಮ್ 0.5 ಮಿಲಿಗ್ರಾಂ. ಎದೆ ಡವಡವ ಎನ್ನುವುದು ನಿಂತಿದೆ, ನಿದ್ದೆ ಬರುತ್ತಿದೆ, ಕೆಲಸಕ್ಕೆ ಹೋಗಿಬರುವುದು ಮೊದಲಿನಷ್ಟು ಭಾರವೆನಿಸುತ್ತಿಲ್ಲ. ಇನ್ನು ನಾಲ್ಕು ತಿಂಗಳಲ್ಲಿ ಒಂದು ವೃತ್ತಿಪರ ಪರೀಕ್ಷೆ ಬರೆಯಬೇಕಾಗಿರುವುದರಿಂದ, ರಾತ್ರಿ ಒಂಬತ್ತೂವರೆಗೆ ಮಾತ್ರೆ ತೆಗೆದುಕೊಂಡು ನಿದ್ದೆ ಹತ್ತುವವರೆಗೆ, ಅಂದರೆ ಸುಮಾರು ಹನ್ನೊಂದರವರೆಗೆ ಓದುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಕಳೆದ ವಾರ ಒಂದು ಬೆಳಿಗ್ಗೆ ಪುಸ್ತಕ ತೆರೆದಾಗ ಐದು ಪುಟಗಳ ಉದ್ದಕ್ಕೂ ಪೆನ್ಸಿಲ್ಲಿನಿಂದ ಅಡಿಗೆರೆ ಎಳೆದಿರುವುದು ಕಂಡಿತು. ಅಂಚಿನಲ್ಲಿ ನನ್ನದೇ ಕೈಬರಹದಲ್ಲಿ, ‘ಇದು ಹಿಂದಿನ ಅಧ್ಯಾಯದ ಮಾತಿಗೆ ವಿರುದ್ಧವಲ್ಲವೇ?’ ಎಂಬ ಟಿಪ್ಪಣಿಯೂ ಇತ್ತು. ಆ ಪುಟಗಳನ್ನು ಓದಿದ್ದಾಗಲಿ, ಆ ಟಿಪ್ಪಣಿ ಬರೆದಿದ್ದಾಗಲಿ ನನಗೆ ಚೂರೂ ನೆನಪಿಲ್ಲ. ಬೇರೆಯವರ ಪುಸ್ತಕವನ್ನು ಕೈಗೆತ್ತಿಕೊಂಡಂತೆ ಆಯಿತು. ವಿಚಿತ್ರವೆಂದರೆ, ಇದೇ ತಿಂಗಳುಗಳಲ್ಲಿ ರಾತ್ರಿಯ ಹೊತ್ತಿನಲ್ಲೇ ಅಭ್ಯಾಸ ಮಾಡಿದ ಹತ್ತು ಬೆರಳಿನ ಟೈಪಿಂಗ್ ಮಾತ್ರ ನನಗೆ ಚೆನ್ನಾಗಿ ಕೈಹತ್ತಿದೆ.

ನನ್ನ ಪ್ರಶ್ನೆ ಇಷ್ಟು: ಮಿದುಳು ಹೊಸದನ್ನು ಕಲಿಯುವ ಶಕ್ತಿಯನ್ನೇ ಈ ಔಷಧಗಳು ಕಿತ್ತುಕೊಳ್ಳುತ್ತಿವೆಯೇ? ಹಾಗಿದ್ದರೆ ಪರೀಕ್ಷೆ ಮುಗಿಯುವವರೆಗೆ ಎರಡನ್ನೂ ನಿಲ್ಲಿಸಿಬಿಡುವುದು ಒಳ್ಳೆಯದೇ?

ಮೊದಲ ಉತ್ತರ: ಶರೀರಕ್ರಿಯಾ ವಿಜ್ಞಾನ ಕಲಿಸುವವರು

ನಿಲ್ಲಿಸುವ ವಿಚಾರವನ್ನು ವೈದ್ಯರು ಹೇಳಬೇಕು. ಆದರೆ ಆ ಪೆನ್ಸಿಲ್ ಗೆರೆಗಳು ನಾನು ತರಗತಿಯಲ್ಲಿ ವರ್ಷವರ್ಷವೂ ವಿವರಿಸುವ ಸಂಗತಿಗೆ ಎಷ್ಟು ಒಪ್ಪುವ ಉದಾಹರಣೆಯೆಂದರೆ, ಅವುಗಳ ಬಗ್ಗೆ ಬರೆಯದೆ ಇರಲಾಗಲಿಲ್ಲ.

ನೀವು ಆ ರಾತ್ರಿ ಓದಿದ್ದು ನಿಜ, ಅರ್ಥಮಾಡಿಕೊಂಡದ್ದೂ ನಿಜ. ಅರ್ಥವಾಗದೆ ಅಂಥ ಟಿಪ್ಪಣಿ ಬರೆಯಲು ಬರುವುದಿಲ್ಲ. ಆಗದೆ ಹೋದದ್ದು ಅದರ ಮುಂದಿನ ಕೆಲಸ. ಓದುವ ಹೊತ್ತಿನಲ್ಲಿ ಒಂದು ವಾಕ್ಯವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದು ಬೇರೆ, ಅದನ್ನು ನಾಳೆಗೆ ಉಳಿಯುವಂತೆ ಮಾಡುವುದು ಬೇರೆ. ಎರಡನೆಯದಕ್ಕೆ ನರಕೋಶಗಳ ನಡುವಿನ ಸಂಧಿಗಳಲ್ಲಿ, ಅಂದರೆ ಸಿನಾಪ್ಸ್‌ಗಳಲ್ಲಿ, ಭೌತಿಕವಾದ ಬದಲಾವಣೆಯೇ ಆಗಬೇಕು. ಜೊತೆಜೊತೆಯಾಗಿ ಚುರುಕುಗೊಳ್ಳುವ ನರಕೋಶಗಳ ನಡುವಿನ ಸಂಪರ್ಕ ಬಲಗೊಳ್ಳುತ್ತದೆ ಎಂಬ ಊಹೆಯನ್ನು ಡೊನಾಲ್ಡ್ ಹೆಬ್ 1949ರಲ್ಲಿ ಮುಂದಿಟ್ಟರು. ಹೊಸ ನೆನಪುಗಳು ರೂಪುಗೊಳ್ಳಲು ಬೇಕಾದ ಮಿದುಳಿನ ಭಾಗ ಹಿಪ್ಪೊಕ್ಯಾಂಪಸ್. ಮೊಲದ ಹಿಪ್ಪೊಕ್ಯಾಂಪಸ್‌ನಲ್ಲಿ ಅಂಥ ಬಲವರ್ಧನೆ ಗಂಟೆಗಟ್ಟಲೆ ಉಳಿಯುವುದನ್ನು ಟಿಮ್ ಬ್ಲಿಸ್ ಮತ್ತು ಟೆರ್ಯೆ ಲೋಮೊ 1973ರಲ್ಲಿ ಅಳೆದು ತೋರಿಸಿದರು.

ಇದು ನಡೆಯುವ ಬಗೆ ಸೊಗಸಾಗಿದೆ. ಸಂದೇಶ ಪಡೆಯುವ ನರಕೋಶದ ಮೇಲೆ ಎನ್‌ಎಂಡಿಎ ಎಂಬ ಗ್ರಾಹಕಗಳಿರುತ್ತವೆ. ಅವುಗಳ ನಾಳದ ಬಾಯಿಗೆ ಒಂದು ಮೆಗ್ನೀಸಿಯಂ ಅಯಾನು ಬಿರಡೆಯ ಹಾಗೆ ಸಿಕ್ಕಿಕೊಂಡಿರುತ್ತದೆ. ಗ್ಲುಟಮೇಟ್ ಎಂಬ ನರವಾಹಕ, ಅಂದರೆ ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ, ಬಂದು ತಾಕಿದರಷ್ಟೇ ಆ ನಾಳ ತೆರೆಯುವುದಿಲ್ಲ. ಅದೇ ಕ್ಷಣಕ್ಕೆ ಆ ನರಕೋಶ ತಾನೂ ಸಾಕಷ್ಟು ಉದ್ರೇಕಗೊಂಡಿದ್ದರೆ ಮಾತ್ರ ಬಿರಡೆ ಹೊರಚಿಮ್ಮುತ್ತದೆ. ಎರಡೂ ಕೂಡಿಬಂದಾಗ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಆ ಸಂಧಿಯಲ್ಲಿ ಇನ್ನಷ್ಟು ಗ್ರಾಹಕಗಳು ನೆಲೆಗೊಳ್ಳುತ್ತವೆ, ಮುಂದಿನ ಕೆಲವು ಗಂಟೆಗಳಲ್ಲಿ ಹೊಸ ಪ್ರೋಟೀನುಗಳು ತಯಾರಾಗಿ ಆ ಬದಲಾವಣೆ ಗಟ್ಟಿಯಾಗುತ್ತದೆ, ನಿದ್ದೆಯಲ್ಲಿ ಅದು ಇನ್ನಷ್ಟು ಊರಿಕೊಳ್ಳುತ್ತದೆ.

ಕ್ಲೊನಜೆಪಾಮ್ ಬೆಂಜೊಡಯಜೆಪಿನ್ ಗುಂಪಿಗೆ ಸೇರಿದ್ದು. ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ನರವಾಹಕ ತನ್ನ ಗ್ರಾಹಕಕ್ಕೆ ಅಂಟಿದಾಗ ಕ್ಲೋರೈಡ್ ನಾಳ ತೆರೆಯುತ್ತದೆ. ಈ ಗುಂಪಿನ ಔಷಧಗಳು ಅದು ಮತ್ತೆಮತ್ತೆ ತೆರೆಯುವಂತೆ ಮಾಡುತ್ತವೆ. ಹಾಗಾದಾಗ ನರಕೋಶ ಸುಲಭವಾಗಿ ಉದ್ರೇಕಗೊಳ್ಳುವುದಿಲ್ಲ. ಉದ್ರೇಕಗೊಳ್ಳದಿದ್ದರೆ ಬಿರಡೆ ಕದಲುವುದಿಲ್ಲ, ಕ್ಯಾಲ್ಸಿಯಂ ಬರುವುದಿಲ್ಲ, ಓದಿದ್ದು ಅಚ್ಚಾಗುವುದಿಲ್ಲ. ನಿಮ್ಮ ಆತಂಕವನ್ನು ತಗ್ಗಿಸುವ ಕ್ರಿಯೆಯೇ ನಿಮ್ಮ ಓದನ್ನೂ ಅಳಿಸುತ್ತಿದೆ, ಅದೂ ಸರಿಯಾಗಿ ಆ ಒಂದೂವರೆ ಗಂಟೆಯಲ್ಲಿ, ಏಕೆಂದರೆ ನುಂಗಿದ ಒಂದರಿಂದ ನಾಲ್ಕು ಗಂಟೆಗಳ ನಡುವೆ ಕ್ಲೊನಜೆಪಾಮ್‌ನ ಪ್ರಮಾಣ ರಕ್ತದಲ್ಲಿ ಗರಿಷ್ಠ ಮಟ್ಟಕ್ಕೇರುತ್ತದೆ. ಇದೇ ಗುಂಪಿನ ಮಿಡಜೋಲಾಮ್ ಅನ್ನು ಎಂಡೋಸ್ಕೋಪಿಯಂಥ ತಪಾಸಣೆಗಳಿಗೆ ಮುಂಚೆ ಕೊಡುವುದುಂಟು. ರೋಗಿ ವೈದ್ಯರ ಮಾತಿಗೆ ಉತ್ತರ ಕೊಡುತ್ತಲೇ ಇದ್ದರೂ ಆಮೇಲೆ ಅದ್ಯಾವುದೂ ಅವರ ನೆನಪಿನಲ್ಲಿ ಉಳಿಯದು.

ಟೈಪಿಂಗ್ ವಿಷಯಕ್ಕೆ ಬರುತ್ತೇನೆ. ಹೆನ್ರಿ ಮೊಲೈಸನ್ ಎಂಬವರಿಗೆ 1953ರಲ್ಲಿ ಅಪಸ್ಮಾರದ ಚಿಕಿತ್ಸೆಗೆಂದು ಎರಡೂ ಬದಿಯ ಹಿಪ್ಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆದುಹಾಕಲಾಯಿತು. ಅಂದಿನಿಂದ ಹೊಸ ಘಟನೆ ಯಾವುದೂ ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಆದರೆ ಕನ್ನಡಿಯಲ್ಲಿ ಕಾಣುವ ನಕ್ಷತ್ರದ ಆಕೃತಿಯ ಮೇಲೆ ಗೆರೆ ಎಳೆಯುವ ಅಭ್ಯಾಸವನ್ನು ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಮೊಲೈಸನ್‌ರಿಗೆ ಮಾಡಿಸಿದಾಗ, ಹಿಂದಿನ ದಿನ ಅದನ್ನು ಮಾಡಿದ್ದೇ ನೆನಪಿಲ್ಲದಿದ್ದರೂ ಅವರ ಕೈ ದಿನದಿಂದ ದಿನಕ್ಕೆ ಪಳಗುತ್ತ ಹೋಯಿತು. ಕೈಗೆ ಹತ್ತುವ ವಿದ್ಯೆ ಬಹುಮಟ್ಟಿಗೆ ಮಿದುಳಿನ ಆಳದಲ್ಲಿರುವ ಸ್ಟ್ರೈಟಮ್ ಮತ್ತು ಕಿರುಮಿದುಳಿನ ದಾರಿಯಲ್ಲಿ ಸಾಗುತ್ತದೆ. ಬೆಂಜೊಡಯಜೆಪಿನ್‌ಗಳು ಆ ದಾರಿಯನ್ನು ಅಷ್ಟಾಗಿ ಕೆಡಿಸುವುದಿಲ್ಲ.

ಇನ್ನೊಂದು ಮಾತು. ಮಾತ್ರೆಗೆ ಮುಂಚೆ ಕಲಿತದ್ದನ್ನು ಈ ಔಷಧ ಅಳಿಸುವುದಿಲ್ಲ. ಪ್ರಯೋಗಗಳಲ್ಲಿ ಅಂಥ ಕಲಿಕೆ ಕೆಲವೊಮ್ಮೆ ತುಸು ಹೆಚ್ಚೇ ಉಳಿದದ್ದು ಕಂಡುಬಂದಿದೆ, ಬಹುಶಃ ಅದರ ಮೇಲೆ ಬಂದು ಕೂರುವ ಹೊಸ ನೆನಪುಗಳು ಕಡಿಮೆಯಾಗುವುದರಿಂದ.

ಎರಡನೆಯ ಉತ್ತರ: ಮನೋವೈದ್ಯೆ

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಆದರೆ ನಿಮ್ಮ ಎರಡು ಮಾತ್ರೆಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಬೇಡಿ. ಮೊದಲಿಗೆ ನಿಮ್ಮ ಕೊನೆಯ ಸಾಲಿಗೆ ಉತ್ತರ: ಯಾವುದನ್ನೂ ನಿಮ್ಮಷ್ಟಕ್ಕೆ ನೀವು ನಿಲ್ಲಿಸಬೇಡಿ. ತಿಂಗಳುಗಟ್ಟಲೆ ತೆಗೆದುಕೊಂಡ ಬೆಂಜೊಡಯಜೆಪಿನ್ ಅನ್ನು ಒಮ್ಮೆಲೇ ಬಿಟ್ಟರೆ ಆತಂಕ ಮತ್ತು ನಿದ್ರಾಹೀನತೆ ಮೊದಲಿಗಿಂತ ಜೋರಾಗಿ ಮರುಕಳಿಸಬಹುದು, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಎಸಿಟಾಲೊಪ್ರಾಮ್ ಅನ್ನು ಹಠಾತ್ತಾಗಿ ಬಿಟ್ಟರೆ ತಲೆಸುತ್ತು, ಸಿಡುಕು, ತಲೆಯೊಳಗೆ ಕರೆಂಟು ಹೊಡೆದಂಥ ಅನುಭವ ಆಗುವುದುಂಟು. ಪರೀಕ್ಷೆಯ ತಯಾರಿಗೆ ಇವುಗಳಿಗಿಂತ ದೊಡ್ಡ ಅಡ್ಡಿ ಬೇರೆ ಬೇಕಿಲ್ಲ. ಕ್ಲೊನಜೆಪಾಮ್ ಸಾಮಾನ್ಯವಾಗಿ ಇಷ್ಟು ದೀರ್ಘ ಕಾಲ ದಿನವೂ ತೆಗೆದುಕೊಳ್ಳಬೇಕಾದ ಔಷಧವಲ್ಲ; ಅದನ್ನು ಹಂತಹಂತವಾಗಿ ಇಳಿಸಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ, ಮತ್ತು ಕೇಳುವಾಗ ಆ ಪುಸ್ತಕವನ್ನು ಜೊತೆಗೆ ತೆಗೆದುಕೊಂಡು ಹೋಗಿ. ‘ಮರೆವು ಜಾಸ್ತಿ’ ಎಂದು ರೋಗಿಗಳು ಹೇಳುವುದನ್ನು ನಾವು ದಿನವೂ ಕೇಳುತ್ತೇವೆ, ಕೇಳಿ ಕೇಳಿ ಕಿವಿ ಒಗ್ಗಿಹೋಗಿರುತ್ತದೆ. ಐದು ಪುಟಗಳ ಅಡಿಗೆರೆಯನ್ನು ಕಣ್ಣೆದುರು ಕಂಡರೆ ಯಾರೂ ತಳ್ಳಿಹಾಕಲಾರರು.

ಎಸಿಟಾಲೊಪ್ರಾಮ್ ಕಥೆ ಬೇರೆ. ಅದು ಸಿರೊಟೋನಿನ್ ಎಂಬ ನರವಾಹಕವನ್ನು ಮರಳಿ ಹೀರಿಕೊಳ್ಳುವ ವಾಹಕವನ್ನು ಕೆಲವೇ ಗಂಟೆಗಳಲ್ಲಿ ತಡೆಯುತ್ತದೆ. ಆದರೂ ರೋಗಿಗೆ ಗುಣ ಕಾಣಲು ವಾರಗಳು ಹಿಡಿಯುತ್ತವೆ. ಸಿರೊಟೋನಿನ್ ಕೊರತೆಯನ್ನು ತುಂಬುವುದಷ್ಟೇ ಅದರ ಕೆಲಸವಾಗಿದ್ದರೆ ಈ ವಿಳಂಬಕ್ಕೆ ಅರ್ಥವಿರುತ್ತಿರಲಿಲ್ಲ. ಆ ವಾರಗಳಲ್ಲಿ ನಡೆಯುವುದು ನರಸಂಧಿಗಳ ನಿಧಾನವಾದ ಮರುಜೋಡಣೆ, ಅಂದರೆ ಒಂದು ಬಗೆಯ ಕಲಿಕೆಯೇ, ಎಂದು ಈಗ ಹಲವರು ನಂಬುತ್ತಾರೆ. ಇದಕ್ಕೆ ಪ್ರಾಣಿಗಳಲ್ಲಿ ಒಳ್ಳೆಯ ಪುರಾವೆಯಿದೆ. ಎಳವೆಯಲ್ಲಿ ಒಂದು ಕಣ್ಣು ಮುಚ್ಚಿಟ್ಟಿದ್ದರಿಂದ ಆ ಕಣ್ಣಿನ ದೃಷ್ಟಿ ಮಂಕಾದ ಇಲಿಗಳಿಗೆ ಬೆಳೆದ ಮೇಲೆ ಎಸಿಟಾಲೊಪ್ರಾಮ್‌ನ ಗುಂಪಿನದೇ ಆದ ಫ್ಲೂಆಕ್ಸೆಟಿನ್ ಕೊಟ್ಟು, ಆ ಕಣ್ಣನ್ನು ತೆರೆದು ಇನ್ನೊಂದನ್ನು ಮುಚ್ಚಿದಾಗ ದೃಷ್ಟಿ ಮರಳಿತು ಎಂದು 2008ರಲ್ಲಿ ವರದಿಯಾಯಿತು. ಮತ್ತೊಂದು ಪ್ರಯೋಗ 2011ರದು: ಒಂದು ಸದ್ದಿಗೆ ಹೆದರುವಂತೆ ಮಾಡಿದ್ದ ಮೌಸ್ ಜಾತಿಯ ಪುಟ್ಟ ಇಲಿಗಳಿಗೆ ಫ್ಲೂಆಕ್ಸೆಟಿನ್ ಮಾತ್ರ ಕೊಟ್ಟಾಗ ಭಯ ಹೋಗಲಿಲ್ಲ; ಅಪಾಯವಿಲ್ಲದೆ ಸದ್ದು ಕೇಳಿಸುವ ತರಬೇತಿ ಮಾತ್ರ ಕೊಟ್ಟಾಗ ಭಯ ಹೋಗಿ ಮತ್ತೆ ಮರಳಿತು; ಎರಡನ್ನೂ ಕೂಡಿಸಿದಾಗ ಬಹುಕಾಲ ಮರಳಲಿಲ್ಲ.

ಇದನ್ನು ಕೇಳಿ, ಈ ಗುಂಪಿನ ಮಾತ್ರೆ ನುಂಗಿದರೆ ಯಾವ ಕಲಿಕೆಯಾದರೂ ಸಲೀಸಾಗುತ್ತದೆ ಎಂದುಕೊಳ್ಳಬಾರದು. ಪಾರ್ಶ್ವವಾಯುವಿನ ನಂತರ ಫ್ಲೂಆಕ್ಸೆಟಿನ್ ಕೊಟ್ಟರೆ ಕೈಕಾಲುಗಳ ಚಲನೆ ಬೇಗ ಸುಧಾರಿಸುತ್ತದೆ ಎಂದು 118 ರೋಗಿಗಳ ಒಂದು ಫ್ರೆಂಚ್ ಅಧ್ಯಯನ 2011ರಲ್ಲಿ ಹೇಳಿದಾಗ ನಾವೆಲ್ಲ ಹಿಗ್ಗಿದ್ದೆವು. ಆಮೇಲೆ ಬ್ರಿಟನ್ನಿನಲ್ಲಿ 3127 ರೋಗಿಗಳ ಮೇಲೆ ಆರು ತಿಂಗಳ ಪ್ರಯೋಗ ನಡೆಸಿದಾಗ ರೋಗಿಗಳ ದೈನಂದಿನ ಸಾಮರ್ಥ್ಯದಲ್ಲಿ ಯಾವ ಲಾಭವೂ ಕಾಣಲಿಲ್ಲ. ಖಿನ್ನತೆ ಕಡಿಮೆಯಾಯಿತು, ಮೂಳೆಮುರಿತ ಹೆಚ್ಚಾಯಿತು.

ಇನ್ನು, ಹೋಲಿಕೆಯನ್ನು ಯಾರೊಂದಿಗೆ ಮಾಡುತ್ತೀರಿ ಎಂಬುದೂ ಮುಖ್ಯ. ಖಿನ್ನತೆ ತಾನೇ ಏಕಾಗ್ರತೆಯನ್ನು, ನೆನಪನ್ನು, ನಿರ್ಧಾರ ಮಾಡುವ ಶಕ್ತಿಯನ್ನು ಕುಂದಿಸುತ್ತದೆ, ಮತ್ತು ಮನಸ್ಸು ಹಗುರವಾದ ಮೇಲೂ ಆ ಮಂಕು ಕೆಲಕಾಲ ಉಳಿಯುವುದುಂಟು. ಕಾಯಿಲೆಗೆ ಮುಂಚಿನ ನಿಮ್ಮನ್ನು ಈಗಿನ ನಿಮ್ಮೊಂದಿಗೆ ಹೋಲಿಸಿದರೆ ತಪ್ಪೆಲ್ಲ ಮಾತ್ರೆಯ ಮೇಲೆ ಬರುತ್ತದೆ. ಎಂಟು ತಿಂಗಳ ಹಿಂದೆ, ಔಷಧ ಶುರುಮಾಡುವ ಮುಂಚಿನ ವಾರದಲ್ಲಿ, ಒಂದು ಪುಟವನ್ನು ಓದಿ ಮುಗಿಸಲು ನಿಮಗೆ ಆಗುತ್ತಿತ್ತೇ?

ಬೇರೆ ಔಷಧ ತೆಗೆದುಕೊಳ್ಳುವವರೂ ಇದನ್ನು ಓದುತ್ತಿರಬಹುದು. ಲಿಥಿಯಂ ತೆಗೆದುಕೊಳ್ಳುವವರಿಗೆ ಯೋಚನೆ ನಿಧಾನವಾದಂತೆ ಅನಿಸಿದರೆ ರಕ್ತದಲ್ಲಿ ಅದರ ಮಟ್ಟದ ಜೊತೆಗೆ ಥೈರಾಯ್ಡ್ ಅನ್ನೂ ಪರೀಕ್ಷಿಸಬೇಕು. ಲಿಥಿಯಂನಿಂದ ಥೈರಾಯ್ಡ್ ಕುಂದುವುದು ಅಪರೂಪವಲ್ಲ, ಆ ಕುಂದೇ ತಲೆಯನ್ನು ಮಂಕಾಗಿಸುತ್ತದೆ. ಸೈಕೋಸಿಸ್‌ನ, ಅಂದರೆ ಭ್ರಮೆಗಳು ಕಾಣಿಸಿಕೊಳ್ಳುವ ಮನೋರೋಗದ, ಔಷಧಗಳಿಂದ ಕೈನಡುಕ ಬಂದವರಿಗೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ನೆನಪಿಗೆ ಬೇಕಾದ ಅಸಿಟೈಲ್‌ಕೊಲಿನ್ ಎಂಬ ನರವಾಹಕವನ್ನು ತಡೆಯುವುದರಿಂದ ನೆನಪನ್ನು ನೇರವಾಗಿ ಕೆಡಿಸುತ್ತದೆ, ಮತ್ತು ನಡುಕ ಹೋದ ಮೇಲೂ ಆ ಮಾತ್ರೆ ಚೀಟಿಯಿಂದ ಚೀಟಿಗೆ ಸುಮ್ಮನೆ ಮುಂದುವರಿಯುತ್ತಿರುತ್ತದೆ. ನಮ್ಮ ವೃತ್ತಿಯ ಉದಾಸೀನ ಇದು, ಒಪ್ಪಿಕೊಳ್ಳಬೇಕು.

ಮೂರನೆಯ ಉತ್ತರ: ಆರು ವರ್ಷದಿಂದ ಎಸಿಟಾಲೊಪ್ರಾಮ್ ತೆಗೆದುಕೊಳ್ಳುತ್ತಿರುವವರು

ವೈದ್ಯರು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಎಸಿಟಾಲೊಪ್ರಾಮ್‌ಗೆ ಅವರು ಅಷ್ಟು ಸಲೀಸಾಗಿ ಸಚ್ಚಾರಿತ್ರ್ಯದ ಪತ್ರ ಕೊಟ್ಟದ್ದು ನನಗೆ ಒಪ್ಪಿಗೆಯಾಗಲಿಲ್ಲ. ನೆನಪಿನ ಪರೀಕ್ಷೆಯಲ್ಲಿ ಕಾಣದ ಒಂದು ಬಗೆಯ ನಷ್ಟವಿದೆ.

ನಾನು ಚದುರಂಗ ಆಡುತ್ತೇನೆ. ಕಾಯಿಲೆ ಜೋರಾಗಿದ್ದ ದಿನಗಳಲ್ಲಿ ಹತ್ತು ನಿಮಿಷವೂ ಮಣೆಯ ಮುಂದೆ ಕೂರಲಾಗುತ್ತಿರಲಿಲ್ಲ. 20 ಮಿಲಿಗ್ರಾಂಗೆ ಬಂದ ಮೇಲೆ ಎರಡು ಗಂಟೆ ಆರಾಮವಾಗಿ ಕೂರುತ್ತಿದ್ದೆ. ಆದರೆ ಒಂದು ವರ್ಷ ಆಡಿದರೂ ಆಟ ಸುಧಾರಿಸಲಿಲ್ಲ. ಒಂದು ಸಂಜೆ ಅದೇ ಆರಂಭಿಕ ನಡೆಗಳಲ್ಲಿ, ಅದೇ ಕುದುರೆಯನ್ನು, ಅದೇ ಮನೆಯಲ್ಲಿ ಮೂರನೆಯ ಬಾರಿ ಕಳೆದುಕೊಂಡೆ. ಎದುರು ಕೂತಿದ್ದವರೇ ‘ಮತ್ತೆ ಅದೇ?’ ಎಂದು ನಕ್ಕರು. ನನಗೆ ನಾಚಿಕೆಯೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಮೊದಲಾಗಿದ್ದರೆ ಆ ತಪ್ಪು ರಾತ್ರಿಯೆಲ್ಲ ತಲೆಯಲ್ಲಿ ಕೊರೆಯುತ್ತಿತ್ತು, ಮರುದಿನ ಆ ಕುದುರೆ ಆ ಮನೆಯ ಹತ್ತಿರ ಸುಳಿಯುತ್ತಿರಲಿಲ್ಲ. ಸೋತರೆ ನೋವಿಲ್ಲ, ಗೆದ್ದರೆ ಹಿಗ್ಗಿಲ್ಲ ಎಂದಾದ ಮೇಲೆ ಮಿದುಳಿಗೆ ಕಲಿಯಲು ಕಾರಣವಾದರೂ ಏನಿರುತ್ತದೆ?

ಇದು ನನ್ನ ಕಲ್ಪನೆಯಲ್ಲ ಎಂದು ಆಮೇಲೆ ಓದಿ ತಿಳಿದುಕೊಂಡೆ. ಡೋಪಮೈನ್ ಎಂಬ ನರವಾಹಕವನ್ನು ಬಿಡುಗಡೆ ಮಾಡುವ ನರಕೋಶಗಳು ಬಹುಮಾನಕ್ಕಿಂತ ಹೆಚ್ಚಾಗಿ, ನಿರೀಕ್ಷೆಗೂ ಸಿಕ್ಕಿದ್ದಕ್ಕೂ ಇರುವ ಅಂತರಕ್ಕೆ ಸ್ಪಂದಿಸುತ್ತವೆ ಎಂಬುದನ್ನು ವೂಲ್ಫ್ರಾಮ್ ಶುಲ್ಟ್ಸ್ ಕೋತಿಗಳಿಗೆ ಹಣ್ಣಿನ ರಸ ಕೊಟ್ಟು ನಡೆಸಿದ ಪ್ರಯೋಗಗಳು ತೋರಿಸಿದವು: ರಸ ಅನಿರೀಕ್ಷಿತವಾಗಿ ಬಂದರೆ ಅವು ಚುರುಕಾಗುತ್ತವೆ, ನಿರೀಕ್ಷೆಯಂತೆ ಬಂದರೆ ತಣ್ಣಗಿರುತ್ತವೆ, ಬರಬೇಕಾದದ್ದು ಬಾರದಿದ್ದರೆ ಸಪ್ಪೆಯಾಗುತ್ತವೆ. ಈ ಏರಿಳಿತವೇ ಮಿದುಳಿಗೆ ಪಾಠ. ಆರೋಗ್ಯವಂತರಿಗೆ ಪಾರ್ಕಿನ್ಸನ್ ರೋಗದ ಔಷಧವಾದ ಎಲ್-ಡೋಪಾ ಕೊಟ್ಟಾಗ ಲಾಭದ ಆಯ್ಕೆಯನ್ನು ಗುರುತಿಸುವುದನ್ನು ಅವರು, ಡೋಪಮೈನ್ ತಡೆಯುವ ಹ್ಯಾಲೊಪೆರಿಡಾಲ್ ಪಡೆದವರಿಗಿಂತ ಚೆನ್ನಾಗಿ ಕಲಿತರೆಂದು 2006ರ ಒಂದು ಅಧ್ಯಯನ ಹೇಳಿತು. ನಮ್ಮ ಔಷಧಕ್ಕೆ ಸಂಬಂಧಿಸಿದ್ದು 2023ರಲ್ಲಿ ಬಂತು. ಆರೋಗ್ಯವಂತ ಸ್ವಯಂಸೇವಕರಿಗೆ ಕನಿಷ್ಠ ಮೂರು ವಾರ ಎಸಿಟಾಲೊಪ್ರಾಮ್ ಕೊಟ್ಟು ಪರೀಕ್ಷಿಸಿದಾಗ ಅವರ ಗಮನ, ನೆನಪುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ; ಸರಿ, ತಪ್ಪು ಎಂಬ ಮರುಸೂಚನೆಯನ್ನು ಬಳಸಿಕೊಂಡು ಮುಂದಿನ ಆಯ್ಕೆ ಮಾಡುವಲ್ಲಿ ಮಾತ್ರ ಅವರ ಸ್ಪಂದನೆ ಮಂದವಾಗಿತ್ತು.

ನಾನು ಔಷಧ ಬಿಡಲಿಲ್ಲ. ಕುದುರೆಯ ಕಥೆಯನ್ನು ವೈದ್ಯರಿಗೆ ಹೇಳಿದೆ, ನಿಧಾನವಾಗಿ 10ಕ್ಕೆ ಇಳಿಸಿದರು. ಎರಡು ತಿಂಗಳ ಬಳಿಕ ಒಂದು ಸೋಲಿಗೆ ಕಣ್ಣಲ್ಲಿ ನೀರು ಬಂತು. ಅಂಥ ಸಂತೋಷ ಬಹಳ ದಿನಗಳಿಂದ ಆಗಿರಲಿಲ್ಲ.

ಮನೋವೈದ್ಯೆಯ ಮರುನುಡಿ

ಒಪ್ಪಿದೆ, ಭಾವನೆಗಳ ಆ ಮಂಕನ್ನು ನಾನು ಹೇಳಬೇಕಾಗಿತ್ತು. ಪ್ರಮಾಣ ಹೆಚ್ಚಿದಷ್ಟೂ ಅದು ಹೆಚ್ಚು ಕಾಣಿಸಿಕೊಳ್ಳುವ ಸಂಭವವಿದೆ. ಆದರೆ ಖಿನ್ನತೆ ಪೂರ್ತಿ ಹೋಗದಿದ್ದರೂ ಇದೇ ಲಕ್ಷಣ ಕಾಣುವುದರಿಂದ, ಪ್ರಮಾಣ ಇಳಿಸಬೇಕೋ ಏರಿಸಬೇಕೋ ಎಂಬುದನ್ನು ರೋಗಿಯ ಜೊತೆ ಕೂತು ಮಾತಾಡಿಯೇ ತೀರ್ಮಾನಿಸಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಇನ್ನೊಂದು ಸಂದೇಹ. ಸ್ನೇಹಿತರೊಬ್ಬರು, ಓದು ತಲೆಗೆ ಹತ್ತಲು ಮೀಥೈಲ್‌ಫೆನಿಡೇಟ್ ತೆಗೆದುಕೊಂಡರಾಯಿತು, ತಮ್ಮ ಬಳಿ ಇದೆ ಎನ್ನುತ್ತಿದ್ದಾರೆ. ಅದು ಕಲಿಕೆಯನ್ನು ನಿಜವಾಗಿ ಹೆಚ್ಚಿಸುತ್ತದೆಯೇ?

ನಾಲ್ಕನೆಯ ಉತ್ತರ: ವಿಶೇಷ ಶಿಕ್ಷಕಿ

ಬೇರೆಯವರ ಮಾತ್ರೆ ಬೇಡ, ಅದರಲ್ಲೂ ಆತಂಕದ ಕಾಯಿಲೆ ಇರುವವರಿಗೆ. ಎದೆಬಡಿತ ಏರಿಸುವ ಔಷಧ ಅದು.

ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಕೆಯ ತೊಂದರೆ, ಇರುವ ಮಕ್ಕಳೊಂದಿಗೆ ಕೆಲಸ ಮಾಡುವ ನಾನು ಮೀಥೈಲ್‌ಫೆನಿಡೇಟ್‌ನ ಉಪಕಾರವನ್ನು ಕಣ್ಣಾರೆ ಕಂಡಿದ್ದೇನೆ. ಮುಂಚೆ ಲೆಕ್ಕದ ಮೊದಲ ಸಾಲಿಗೇ ಎದ್ದು ಓಡುತ್ತಿದ್ದ ಹುಡುಗ ಪುಟ ಮುಗಿಸಿ ಕೊಡುತ್ತಾನೆ. ಆದರೆ ಪುಟ ಮುಗಿಸುವುದೂ ಕಲಿಯುವುದೂ ಒಂದೇ ಅಲ್ಲ. 7ರಿಂದ 12 ವರ್ಷದ 173 ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಔಷಧ ಪಡೆದ ದಿನಗಳಲ್ಲಿ ಮಕ್ಕಳು ಹೆಚ್ಚು ಲೆಕ್ಕ ಮಾಡಿದರು, ತರಗತಿಯ ಶಿಸ್ತನ್ನು ಹೆಚ್ಚು ಪಾಲಿಸಿದರು; ಆದರೆ ಹೊಸ ಪದಗಳನ್ನೂ ಹೊಸ ಪಾಠವನ್ನೂ ಅವರು ಔಷಧವಿಲ್ಲದ ದಿನಗಳಿಗಿಂತ ಹೆಚ್ಚೇನೂ ಕಲಿತಿರಲಿಲ್ಲ. ಎಡಿಎಚ್‌ಡಿ ಇಲ್ಲದ ವಯಸ್ಕರ ವಿಷಯದಲ್ಲಿ ಸಿಕ್ಕ ಫಲಿತಾಂಶ ಇನ್ನೂ ತಮಾಷೆಯದು: ಇಂತಿಷ್ಟೇ ತೂಕ ಹಿಡಿಯುವ ಚೀಲಕ್ಕೆ ಅತಿ ಹೆಚ್ಚು ಬೆಲೆಯ ವಸ್ತುಗಳನ್ನು ತುಂಬುವ ಒಗಟನ್ನು ಕೊಟ್ಟಾಗ, ಇಂಥ ಔಷಧ ಪಡೆದವರು ಹೆಚ್ಚು ಹೊತ್ತು ಹೆಣಗಾಡಿದರು, ಹೆಚ್ಚು ಬಾರಿ ವಸ್ತುಗಳನ್ನು ಒಳಗೂ ಹೊರಗೂ ಮಾಡಿದರು, ಆದರೆ ಅವರ ಆಯ್ಕೆಗಳಲ್ಲಿ ಕ್ರಮ ಕಡಿಮೆಯಾಗಿತ್ತು. ಹುರುಪು ಬಂತು, ಹದ ತಪ್ಪಿತು.

ಓದಿದ್ದನ್ನು ಪುಸ್ತಕ ಮುಚ್ಚಿ ನೀವೇ ಹೇಳಿಕೊಳ್ಳಿ, ಎರಡು ದಿನ ಬಿಟ್ಟು ಮತ್ತೆ ಹೇಳಿಕೊಳ್ಳಿ. ಅಡಿಗೆರೆ ಎಳೆಯುವುದರಿಂದ, ಮಾತ್ರೆ ಇರಲಿ ಬಿಡಲಿ, ದೊಡ್ಡ ಪ್ರಯೋಜನವಿಲ್ಲ.

ಪ್ರಶ್ನೆ ಕೇಳಿದವರು, ಮೂರು ವಾರಗಳ ನಂತರ

ಪುಸ್ತಕವನ್ನು ವೈದ್ಯರ ಮೇಜಿನ ಮೇಲಿಟ್ಟು ತೋರಿಸಿದೆ. ಎಸಿಟಾಲೊಪ್ರಾಮ್ ಹಾಗೆಯೇ ಇರಲಿ ಎಂದರು. ಕ್ಲೊನಜೆಪಾಮ್ ಅನ್ನು ಅರ್ಧಕ್ಕೆ ಇಳಿಸಿ, ಉಳಿದದ್ದನ್ನು ಮುಂದಿನ ತಿಂಗಳುಗಳಲ್ಲಿ ಬಿಡಿಸುವ ವೇಳಾಪಟ್ಟಿ ಬರೆದುಕೊಟ್ಟರು. ಮೊದಲ ಕೆಲವು ರಾತ್ರಿ ನಿದ್ದೆ ಕೆಟ್ಟಿತು, ಈಗ ಪರವಾಗಿಲ್ಲ. ಓದನ್ನು ಮುಂಜಾನೆಗೆ ಬದಲಾಯಿಸಿದ್ದೇನೆ, ಮಾತ್ರೆಯ ನಂತರ ಟೈಪಿಂಗ್ ಮಾತ್ರ.

ಆ ಐದು ಪುಟಗಳನ್ನು ಮೊನ್ನೆ ಮೊದಲಿಂದ ಓದಿದೆ. ಅಂಚಿನಲ್ಲಿ ಬರೆದಿದ್ದ ಸಂದೇಹ ಸರಿಯಾಗಿಯೇ ಇತ್ತು. ಹಿಂದಿನ ಅಧ್ಯಾಯದ ನಿಯಮಕ್ಕೂ ಇಲ್ಲಿನದಕ್ಕೂ ತಾಳೆಯಾಗುವುದಿಲ್ಲ. ಅದಕ್ಕೆ ಉತ್ತರ ಎರಡು ಪುಟ ಮುಂದೆ ಒಂದು ಅಡಿಟಿಪ್ಪಣಿಯಲ್ಲಿತ್ತು. ಅದರ ಪಕ್ಕದಲ್ಲಿಯೂ ನನ್ನದೇ ಪೆನ್ಸಿಲ್ಲಿನ ಸಣ್ಣ ಸರಿ ಗುರುತು ಇತ್ತು.